ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳುವ ಮುಂಚೆ

"ಯಾವ ಬಣ್ಣದ ಬಟ್ಟೆ ಹಾಕ್ಕೊಂಡು ಬರಬೇಕು?" ಫ್ಯಾಮಿಲಿ ಫೋಟೋ ಬುಕ್ ಮಾಡಿದವರು ಮೊದಲು ಕೇಳುವುದು ಇದನ್ನೇ. ಆಮೇಲೆ "ಮಗು ಅತ್ತರೆ ಏನು ಮಾಡೋದು?" ಅದಾದ ಮೇಲೆ ದುಡ್ಡಿನ ಮಾತು. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಅಜ್ಜಿಗೆ ಎಷ್ಟು ಹೊತ್ತು ಕೂರೋಕೆ ಆಗುತ್ತೆ, ಸ್ಟುಡಿಯೋ ಮೆಟ್ಟಿಲು ಹತ್ತೋಕೆ ಆಗುತ್ತಾ ಅಂತ ಯೋಚಿಸಿ ಬರುವವರು ಕಡಿಮೆ. ಫೋಟೋ ಕೆಡುವುದು ಹೆಚ್ಚಾಗಿ ಅಲ್ಲೇ.

ಇಡೀ ಮನೆಯವರ ಫೋಟೋ ಬೇಕು ಅಂತ ಅನ್ನಿಸುವುದು ಯಾವಾಗ ಹೇಳಿ? ಅಜ್ಜನಿಗೆ ಷಷ್ಟ್ಯಬ್ದಿಯೋ ಭೀಮರಥ ಶಾಂತಿಯೋ ಬಂದಾಗ, ಅಮೆರಿಕದಲ್ಲಿರುವ ಮಗಳು ಮಗುವನ್ನು ಕರೆದುಕೊಂಡು ಊರಿಗೆ ಬಂದಾಗ. ಅಂದರೆ ಈ ಫೋಟೋ ತೆಗೆಸುವುದೇ ಮನೆಯ ಅತಿ ಹಿರಿಯರಿಗಾಗಿ ಮತ್ತು ಅತಿ ಚಿಕ್ಕವರಿಗಾಗಿ. ಹಾಗಾಗಿ ದಿನ, ಹೊತ್ತು, ಜಾಗ, ಬಟ್ಟೆ ಎಲ್ಲವನ್ನೂ ಇವರಿಬ್ಬರ ಅನುಕೂಲದಿಂದ ಶುರು ಮಾಡಿ ತೀರ್ಮಾನಿಸಿ. ಮಧ್ಯದವರು ಹೇಗೋ ಹೊಂದಿಕೊಳ್ಳುತ್ತಾರೆ. ಕೆಳಗಿನ ಹಂತಗಳನ್ನೆಲ್ಲ ಈ ಲೆಕ್ಕದಲ್ಲೇ ಬರೆದಿದ್ದೇನೆ.

ಹಂತ 1: ಫೋಟೋ ಕೊನೆಗೆ ಎಲ್ಲಿಗೆ ಹೋಗುತ್ತೆ, ಮೊದಲೇ ಹೇಳಿ

ಹಾಲ್‌ನ ಗೋಡೆಗೆ ದೊಡ್ಡದೊಂದು ಫೋಟೋ ಬೇಕಾ? ಆಲ್ಬಮ್ ಬೇಕಾ? ಬರೀ ಮೊಬೈಲ್‌ನಲ್ಲಿ ಹಂಚಿಕೊಳ್ಳೋಕಾ? ಇದು ಫೋಟೋಗ್ರಾಫರ್‌ಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕಂತೆ ತೆಗೆಯುತ್ತಾರೆ.

ಒಂದು ವಿಷಯ ಇಲ್ಲೇ ತಿಳಿದುಕೊಳ್ಳಿ. ಫೋಟೋಗ್ರಾಫರ್‌ಗಳು ಬಳಸುವ ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರದ ಉದ್ದ–ಅಗಲದ ಅಳತೆ 3ಕ್ಕೆ 2 ಇರುತ್ತದೆ. 8x12, 12x18, 16x24 ಇಂಚಿನ ಪ್ರಿಂಟ್‌ಗಳು ಅದಕ್ಕೆ ಸರಿಯಾಗಿ ಕೂರುತ್ತವೆ. 8x10 ಅಥವಾ 16x20 ಮಾಡಿಸಿದರೆ ಎರಡು ಪಕ್ಕದಿಂದ ಸ್ವಲ್ಪ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಇದಕ್ಕೆ ಕ್ರಾಪ್ ಅಂತಾರೆ. ಹದಿನೈದು ಜನ ಸಾಲಾಗಿ ನಿಂತ ಫೋಟೋದಲ್ಲಿ ಕ್ರಾಪ್ ಆದರೆ ತುದಿಯಲ್ಲಿ ನಿಂತ ಭಾವನ ತೋಳು ಹೋಗುತ್ತದೆ. ಮನೆಯಲ್ಲಿ ಹಳೇ ಫ್ರೇಮ್ ಇದ್ದು, ಅದಕ್ಕೇ ಹಾಕಿಸುವ ಯೋಚನೆ ಇದ್ದರೆ ಅದರ ಅಳತೆ ತೆಗೆದು ಮುಂಚೆಯೇ ತಿಳಿಸಿ. ಅಕ್ಕಪಕ್ಕ ಜಾಗ ಬಿಟ್ಟು ತೆಗೆಯುತ್ತಾರೆ.

ಹಂತ 2: ದಿನ ಮತ್ತು ಹೊತ್ತು

ಮದುವೆ ಸೀಸನ್‌ನಲ್ಲಿ ಒಳ್ಳೆ ಫೋಟೋಗ್ರಾಫರ್ ಸಿಗುವುದು ಕಷ್ಟ. ಸಿಕ್ಕರೂ ಹಿಂದಿನ ರಾತ್ರಿ ರಿಸೆಪ್ಷನ್ ಮುಗಿಸಿ, ನಿದ್ದೆಗೆಟ್ಟು ಬಂದಿರುತ್ತಾರೆ. ಆಷಾಢ ಮತ್ತು ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆಗಳು ಇರುವುದಿಲ್ಲ. ಆಗ ಅವರ ಕೈ ಬಿಡುವಾಗಿರುತ್ತದೆ, ಕೆಲವೊಮ್ಮೆ ದರದಲ್ಲೂ ಹೊಂದಿಸಿಕೊಳ್ಳುತ್ತಾರೆ. ಧನುರ್ಮಾಸ ಬರುವುದು ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ವಿದೇಶದಲ್ಲಿರುವವರು ರಜೆಗೆ ಬರುವುದೂ ಆಗಲೇ. ಚಳಿಗಾಲದ ಬೆಳಕೂ ಚೆನ್ನಾಗಿರುತ್ತದೆ. ಹೊರಗಡೆ ತೆಗೆಸುವವರಿಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಆಷಾಢ ಮಳೆಗಾಲ, ಹಾಗಾಗಿ ಸ್ಟುಡಿಯೋ ಅಥವಾ ಮನೆಯೊಳಗೆ ತೆಗೆಸುವವರಿಗೆ ಅದು ಸರಿ.

ವಿದೇಶದಿಂದ ಬಂದವರಿದ್ದರೆ ಬಂದಿಳಿದ ಮಾರನೇ ದಿನವೇ ಫೋಟೋ ಇಟ್ಟುಕೊಳ್ಳಬೇಡಿ. ಮಕ್ಕಳಿಗೆ ಹಗಲು ನಿದ್ದೆ, ರಾತ್ರಿ ಎಚ್ಚರ. ನಾಲ್ಕೈದು ದಿನ ಕಳೆಯಲಿ. ಹಾಗಂತ ವಾಪಸ್ ಹೊರಡುವ ಹಿಂದಿನ ದಿನಕ್ಕೂ ತಳ್ಳಬೇಡಿ. ಮಳೆ ಬಂದರೆ, ಯಾರಿಗಾದರೂ ಜ್ವರ ಬಂದರೆ ಇನ್ನೊಂದು ದಿನ ಸಿಗುವ ಹಾಗಿರಬೇಕು.

ಇನ್ನು ಹೊತ್ತು. ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದು ಗಂಟೆ ಮತ್ತು ಮುಳುಗುವ ಮುಂಚಿನ ಒಂದು ಗಂಟೆಗೆ ಗೋಲ್ಡನ್ ಅವರ್ ಅಂತಾರೆ. ಬಿಸಿಲು ಓರೆಯಾಗಿ, ಮೆತ್ತಗೆ, ಹೊಂಬಣ್ಣದಲ್ಲಿ ಬೀಳುತ್ತದೆ. ನಡು ಮಧ್ಯಾಹ್ನ ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಕೆಳಗೆ ಕಪ್ಪು ನೆರಳು ಕೂರುತ್ತದೆ, ಎಲ್ಲರೂ ಕಣ್ಣು ಕಿರಿದು ಮಾಡಿಕೊಳ್ಳುತ್ತಾರೆ. ಬೆಂಗಳೂರಲ್ಲಿ ನವೆಂಬರ್ ಕೊನೆಯಲ್ಲಿ ಸಂಜೆ 5:50ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಜುಲೈ ಮೊದಲ ವಾರದಲ್ಲಿ 6:50ರ ತನಕ ಇರುತ್ತಾನೆ. ಒಂದು ಗಂಟೆಯ ವ್ಯತ್ಯಾಸ. ಮಂಗಳೂರು, ಉಡುಪಿ ಕಡೆ ಇನ್ನೂ ಸುಮಾರು 10 ನಿಮಿಷ ತಡ. "ಸಂಜೆ ಐದೂವರೆಗೆ ಬರ್ತೀವಿ" ಅಂತ ಎಲ್ಲ ತಿಂಗಳಿಗೂ ಒಂದೇ ಲೆಕ್ಕ ಹಿಡಿದರೆ ನವೆಂಬರ್‌ನಲ್ಲಿ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. ಮೋಡ ಕವಿದಿದ್ದರೆ ಬೇಜಾರು ಬೇಡ. ಮಳೆ ಇಲ್ಲದ ಮೋಡದ ದಿನ ಮುಖಕ್ಕೆ ತುಂಬಾ ಒಳ್ಳೆಯದು, ಗಟ್ಟಿ ನೆರಳೇ ಬೀಳುವುದಿಲ್ಲ.

ಭಾನುವಾರ ಸಂಜೆ ಅಂತ ಇಟ್ಟುಕೊಳ್ಳುವವರು ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಭಾನುವಾರದ ರಾಹುಕಾಲ ಸಾಮಾನ್ಯವಾಗಿ ಸಂಜೆ 4:30ರಿಂದ 6ರವರೆಗೆ. ಗೋಲ್ಡನ್ ಅವರ್ ಹೆಚ್ಚುಕಡಿಮೆ ಅದೇ ಹೊತ್ತು. ಅದನ್ನು ನೋಡುವ ಮನೆಯಾದರೆ ಹೊರಡುವ ಗಳಿಗೆಯಲ್ಲಿ ಗಲಾಟೆ ಆಗುತ್ತದೆ, ಅಮ್ಮ ಮುಖ ಗಂಟಿಕ್ಕಿಕೊಂಡೇ ಬರುತ್ತಾರೆ. ಒಂದೋ 4:30ಕ್ಕೆ ಮುಂಚೆ ಮನೆ ಬಿಡಿ, ಇಲ್ಲವೇ ಭಾನುವಾರ ಬೆಳಗ್ಗೆಗೆ ಹಾಕಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ಮಾತು ಮಗುವಿನ ನಿದ್ದೆಯದು. ಸಂಜೆ 5ಕ್ಕೆ ರಂಪ ಮಾಡುವ ಮಗುವನ್ನು ಎಂಥ ಬೆಳಕೂ ಕಾಪಾಡುವುದಿಲ್ಲ. ಮಗು ನಿದ್ದೆ ಮಾಡಿ, ಹೊಟ್ಟೆ ತುಂಬಿ ಆಡುವ ಹೊತ್ತು ಯಾವುದು ಅಂತ ನೋಡಿ, ಅದು ಬೆಳಗ್ಗೆ ಆದರೆ ಬೆಳಗ್ಗೆಯೇ ಇಟ್ಟುಕೊಳ್ಳಿ. ಹಿರಿಯರಿಗೂ ಸಾಮಾನ್ಯವಾಗಿ ಬೆಳಗ್ಗೆಯೇ ಹಿತ.

ಹಂತ 3: ಸ್ಟುಡಿಯೋನಾ, ಮನೆಯಲ್ಲಾ, ಹೊರಗಡೆನಾ

ಸ್ಟುಡಿಯೋದಲ್ಲಿ ಬೆಳಕು, ಮಳೆ, ಗಾಳಿ ಯಾವುದರ ಚಿಂತೆಯೂ ಇಲ್ಲ. ಆದರೆ ಮೊದಲೇ ಒಮ್ಮೆ ಹೋಗಿ ನೋಡಿ ಬನ್ನಿ. ಎಷ್ಟೋ ಸ್ಟುಡಿಯೋಗಳು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಇರುತ್ತವೆ. ಮಂಡಿನೋವಿನ ಅಜ್ಜಿ ಕಡಿದಾದ ಮೆಟ್ಟಿಲು ಹತ್ತಿ ಬಂದರೆ ಮುಂದಿನ ಅರ್ಧ ಗಂಟೆ ಅವರ ಮುಖದಲ್ಲಿ ಆಯಾಸ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಿಂದೆ ಹಾಕುವ ಬಟ್ಟೆ ಅಥವಾ ಪೇಪರ್ ಪರದೆಗೆ ಬ್ಯಾಕ್‌ಡ್ರಾಪ್ ಅಂತಾರೆ. ಅದು ಎಷ್ಟು ಅಗಲ ಇದೆ ಕೇಳಿ. 9 ಅಡಿ ಪರದೆಯ ಮುಂದೆ ಎಂಟು ಜನ ಆರಾಮಾಗಿ ಹಿಡಿಯುತ್ತಾರೆ. ಇಪ್ಪತ್ತು ಜನ ಹಿಡಿಯುವುದಿಲ್ಲ.

ನನ್ನನ್ನು ಕೇಳಿದರೆ, ಎಂಬತ್ತು ದಾಟಿದವರಿರುವ ಮನೆಗೆ ಮನೆಯಲ್ಲೇ ತೆಗೆಸುವುದು ಎಲ್ಲಕ್ಕಿಂತ ಒಳ್ಳೆಯದು. ಹಳೇ ಮನೆಯ ಜಗಲಿ, ತೊಟ್ಟಿ, ಹಿತ್ತಲ ಬಾಗಿಲು, ಅಜ್ಜ ದಿನಾ ಪೇಪರ್ ಓದುವ ಕುರ್ಚಿ ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ. ಅವರೂ ತಮ್ಮ ಜಾಗದಲ್ಲಿ ತಾವಾಗಿ ಇರುತ್ತಾರೆ. ಮನೆಯಲ್ಲಾದರೆ ಇಷ್ಟು ಮಾಡಿ. ಯಾವ ಕಿಟಕಿಯಿಂದ ಯಾವ ಹೊತ್ತಿಗೆ ಚೆನ್ನಾಗಿ ಬೆಳಕು ಬರುತ್ತೆ ಅಂತ ಹಿಂದಿನ ಎರಡು ದಿನ ಗಮನಿಸಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಫೋಟೋಗ್ರಾಫರ್‌ಗೆ ಕಳಿಸಿ. ಫೋಟೋ ತೆಗೆಯುವಾಗ ಹಳದಿ ಬಲ್ಬ್, ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆಳಕು ಒಂದು ಬಣ್ಣ, ಬಲ್ಬಿನದು ಇನ್ನೊಂದು ಬಣ್ಣ. ಎರಡೂ ಬಿದ್ದರೆ ಅರ್ಧ ಮುಖ ನೀಲಿ, ಅರ್ಧ ಹಳದಿ ಕಾಣುತ್ತದೆ. ಸೋಫಾ ಹಿಂದಿನ ಕ್ಯಾಲೆಂಡರ್, ಸ್ವಿಚ್‌ಬೋರ್ಡಿಗೆ ನೇತುಹಾಕಿದ ಚಾರ್ಜರ್, ಮೂಲೆಯ ನೀರಿನ ಕ್ಯಾನ್, ಒಣಹಾಕಿದ ಬಟ್ಟೆ ತೆಗೆದಿಡಿ. ಕಣ್ಣಿಗೆ ರೂಢಿಯಾಗಿರುವುದರಿಂದ ನಮಗೆ ಇವು ಕಾಣುವುದಿಲ್ಲ, ಕ್ಯಾಮೆರಾಗೆ ಮೊದಲು ಕಾಣುವುದೇ ಇವು.

ಹೊರಗಡೆ ಅಂದರೆ ಅನುಮತಿಯ ಪ್ರಶ್ನೆ ಬರುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ, ಹಂಪಿ, ಪಟ್ಟದಕಲ್ಲಿನಂಥ ಸ್ಮಾರಕಗಳು ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಅಲ್ಲಿ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್, ಬಳಸಬೇಕಾದರೆ ಮೊದಲೇ ಅನುಮತಿ ತೆಗೆದುಕೊಂಡಿರಬೇಕು. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಗೆ ಸೇರಿದ್ದು. ವೃತ್ತಿಪರ ಫೋಟೋ ತೆಗೆಯುವುದಕ್ಕೆ ಅಲ್ಲಿ ನಿರ್ಬಂಧ ಇದೆ, ನಿಯಮ ಆಗಾಗ ಬದಲಾಗುತ್ತದೆ. ಆ ವಾರದ ಪರಿಸ್ಥಿತಿಯನ್ನು ಕಚೇರಿಯಲ್ಲೇ ವಿಚಾರಿಸಿ. "ಏನೂ ಆಗಲ್ಲ, ಹೋಗೋಣ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೇಟಿನಲ್ಲಿ ತಡೆದು ನಿಲ್ಲಿಸಿದಾಗ ರೇಷ್ಮೆ ಸೀರೆ ಉಟ್ಟ ಹತ್ತು ಜನ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ. ಊರಲ್ಲಿ ನಿಮ್ಮದೇ ತೋಟ, ಗದ್ದೆ ಬದು, ಮನೆದೇವರ ಗುಡಿಯ ಅಂಗಳ ಇದ್ದರೆ ಅದೇ ಮೇಲು. ಗುಡಿಯಲ್ಲಾದರೆ ಅರ್ಚಕರನ್ನು ಕೇಳಿ. ಹತ್ತಿರದಲ್ಲಿ ನೆರಳು, ಕುರ್ಚಿ, ಶೌಚಾಲಯ ಇರಲೇಬೇಕು.

ಹಂತ 4: ಫೋಟೋಗ್ರಾಫರ್ ಜೊತೆ ಏನೇನು ಮಾತಾಡಬೇಕು

ಮಾತಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಾದರೂ ಬರೆದು ಇಬ್ಬರೂ ಒಪ್ಪಿಕೊಳ್ಳಿ. ಕೇಳಬೇಕಾದ್ದು ಇವು:

- ಎಷ್ಟು ಹೊತ್ತು ತೆಗೆಯುತ್ತೀರಿ? ಹೊತ್ತು ಮೀರಿದರೆ ಜಾಸ್ತಿ ಎಷ್ಟು?
- ತಿದ್ದಿದ ಫೋಟೋ ಎಷ್ಟು ಕೊಡುತ್ತೀರಿ? ಯಾವತ್ತು ಕೊಡುತ್ತೀರಿ?
- ಪ್ರಿಂಟ್, ಫ್ರೇಮ್, ಆಲ್ಬಮ್ ಇದರಲ್ಲೇ ಸೇರಿದೆಯಾ, ಬೇರೆಯಾ?
- ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯಾ? ಫೋಟೋಗ್ರಫಿ ಸೇವೆಗೆ 18% ಬೀಳುತ್ತದೆ. ನೋಂದಣಿ ಇಲ್ಲದ ಚಿಕ್ಕ ಸ್ಟುಡಿಯೋಗಳು ಹಾಕುವುದಿಲ್ಲ.
- ಮಳೆ ಬಂದರೆ, ಹಿರಿಯರಿಗೆ ಹುಷಾರಿಲ್ಲದಿದ್ದರೆ ಅಡ್ವಾನ್ಸ್ ಏನಾಗುತ್ತೆ? ಇನ್ನೊಂದು ದಿನ ಕೊಡುತ್ತೀರಾ?
- ಎಲ್ಲ ಫೈಲ್‌ಗಳನ್ನೂ ಪೂರ್ತಿ ಗಾತ್ರದಲ್ಲಿ ಕೊಡುತ್ತೀರಾ?

ಕೆಲವರು "ರಾ ಫೈಲ್ ಕೊಡಿ" ಅಂತ ಹಟ ಹಿಡಿಯುತ್ತಾರೆ. ರಾ ಅಂದರೆ ಕ್ಯಾಮೆರಾ ಹಿಡಿದಿಟ್ಟ ಹಸಿ ಮಾಹಿತಿ. ತಿದ್ದುವ ಸಾಫ್ಟ್‌ವೇರ್ ಇಲ್ಲದೆ ನಿಮಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಪೂರ್ತಿ ಗಾತ್ರದ ಜೆಪೆಗ್, ಅಂದರೆ ಮೊಬೈಲ್‌ನಲ್ಲೂ ತೆರೆಯುವ ಮಾಮೂಲಿ ಫೋಟೋ ಫೈಲ್ ಕೇಳಿ, ಸಾಕು.

ಹಕ್ಕಿನ ಮಾತು ಹಲವರಿಗೆ ಗೊತ್ತಿಲ್ಲ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕು ತೆಗೆಸಿಕೊಂಡವರದು. ಆದರೆ ಬೇರೆ ಥರ ಒಪ್ಪಂದ ಮಾಡಿಕೊಂಡಿದ್ದರೆ ಒಪ್ಪಂದವೇ ನಡೆಯುತ್ತದೆ. ಹಾಗಾಗಿ ಸಹಿ ಹಾಕುವ ಮುಂಚೆ ಓದಿ. ನಿಮ್ಮ ಮಕ್ಕಳ ಫೋಟೋ ಸ್ಟುಡಿಯೋದವರ ಇನ್‌ಸ್ಟಾಗ್ರಾಮ್‌ನಲ್ಲೋ ಅಂಗಡಿ ಬೋರ್ಡಿನ ಮೇಲೋ ಬರುವುದು ಬೇಡ ಅಂದರೆ ಅದನ್ನು ಮೊದಲೇ ಬರವಣಿಗೆಯಲ್ಲಿ ಹೇಳಿ. ಆಮೇಲೆ ತೆಗೆಸುವುದು ಇಬ್ಬರಿಗೂ ಮುಜುಗರ.

ಹಂತ 5: ಯಾರ ಜೊತೆ ಯಾರು, ಪಟ್ಟಿ ಬರೆಯಿರಿ

ಬಟ್ಟೆಗಿಂತ ಮುಖ್ಯವಾದ ಕೆಲಸ ಇದು. ತೊಂಬತ್ತು ಭಾಗ ಜನ ಮಾಡದೇ ಬಿಡುವುದೂ ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಪಟ್ಟಿ ಇಲ್ಲದೆ ಹೋದರೆ ಏನಾಗುತ್ತೆ ಗೊತ್ತಾ? ದೊಡ್ಡ ಗುಂಪಿನ ಫೋಟೋ ಆಗುತ್ತದೆ, ಮಕ್ಕಳದು ಆಗುತ್ತದೆ, ಹೊಸ ಜೋಡಿಯದು ಹತ್ತಾರು ಆಗುತ್ತವೆ. ಮನೆಗೆ ಬಂದ ಮೇಲೆ ಅಜ್ಜ–ಅಜ್ಜಿ ಇಬ್ಬರದೇ ಒಂದು ಫೋಟೋ ಇಲ್ಲ, ಅಕ್ಕ–ತಂಗಿಯರು ನಾಲ್ವರದು ಇಲ್ಲ ಅಂತ ಗೊತ್ತಾಗುತ್ತದೆ.

ಒಂದು ಹಾಳೆಯಲ್ಲಿ ಈ ಕ್ರಮದಲ್ಲಿ ಬರೆಯಿರಿ. ಮೊದಲು ಇಡೀ ಕುಟುಂಬ, ಎಲ್ಲರೂ ಚುರುಕಾಗಿರುವಾಗಲೇ ಆಗಿಬಿಡಲಿ. ಆಮೇಲೆ ಅಜ್ಜ–ಅಜ್ಜಿ ಇಬ್ಬರೇ. ಅಜ್ಜ–ಅಜ್ಜಿ ಮತ್ತು ಅವರ ಮಕ್ಕಳು, ಸೊಸೆ–ಅಳಿಯಂದಿರಿಲ್ಲದೆ. ಅಜ್ಜ–ಅಜ್ಜಿ ಮತ್ತು ಎಲ್ಲ ಮೊಮ್ಮಕ್ಕಳು. ಇಷ್ಟಾದ ಮೇಲೆ ಹಿರಿಯರು ಆರಾಮಾಗಿ ಒಳಗೆ ಹೋಗಿ ಕೂರಬಹುದು. ಆಮೇಲೆ ಒಂದೊಂದು ಸಂಸಾರ, ಸೊಸೆಯಂದಿರು, ಅಳಿಯಂದಿರು, ಮಕ್ಕಳು. ಕೊನೆಗೆ ಜೋಡಿಗಳು, ಒಬ್ಬೊಬ್ಬರದು. "ಅಳಿಯಂದಿರಿಲ್ಲದೆ" ಅನ್ನುವುದು ಪಟ್ಟಿಯಲ್ಲೇ ಬರೆದಿದ್ದರೆ ಯಾರಿಗೂ ಬೇಜಾರಾಗುವುದಿಲ್ಲ. ಅಲ್ಲೇ ನಿಂತುಕೊಂಡು "ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ" ಅಂದರೆ ಬೇಜಾರಾಗುತ್ತದೆ.

ಪ್ರತಿ ಜೋಡಣೆಗೂ ಮೂರು–ನಾಲ್ಕು ನಿಮಿಷ ಅಂತ ಲೆಕ್ಕ ಹಾಕಿ. ಹತ್ತು ಜೋಡಣೆ ಅಂದರೆ ಹೆಚ್ಚುಕಡಿಮೆ ನಲವತ್ತು ನಿಮಿಷ. ಹದಿನೈದು ದಾಟಿದರೆ ಕೊನೆಯವರಿಗೆ ತಾಳ್ಮೆ ಉಳಿಯುವುದಿಲ್ಲ. ಪಟ್ಟಿಯನ್ನು ಕೂಗಿ ಜನರನ್ನು ಕರೆಯೋಕೆ ಎಲ್ಲರ ಹೆಸರು ಗೊತ್ತಿರುವ, ಸ್ವಲ್ಪ ಜೋರಾದ ಗಂಟಲಿನ ಒಬ್ಬರನ್ನು ನೇಮಿಸಿ. ಫೋಟೋಗ್ರಾಫರ್‌ಗೆ ನಿಮ್ಮ ಚಿಕ್ಕಪ್ಪ ಯಾರು, ಸೋದರಮಾವ ಯಾರು ಅಂತ ಗೊತ್ತಿರುವುದಿಲ್ಲ ಅಲ್ವಾ?

ಮೂರು ಸೂಕ್ಷ್ಮ ವಿಷಯಗಳಿವೆ, ಇವನ್ನೂ ಪಟ್ಟಿ ಮಾಡುವಾಗಲೇ ನೋಡಿಕೊಳ್ಳಿ.

ಮೂರು ಜನ ಮಾತ್ರ ನಿಂತು ಫೋಟೋ ತೆಗೆಸಿಕೊಳ್ಳಬಾರದು ಅಂತ ಹಲವು ಹಿರಿಯರು ನಂಬುತ್ತಾರೆ. ಅಲ್ಲಿ ವಾದಕ್ಕೆ ನಿಲ್ಲಬೇಡಿ. ಮಗುವನ್ನೋ ಇನ್ನೊಬ್ಬರನ್ನೋ ಸೇರಿಸಿ ನಾಲ್ವರು ಮಾಡಿ.

ಹಿರಿಯರ ಒಬ್ಬೊಬ್ಬರದೇ ಫೋಟೋ ತೆಗೆಸುವುದಕ್ಕೆ ಮನೆಯವರೇ ಹಿಂಜರಿಯುತ್ತಾರೆ. ಯಾಕೆ ಅಂತ ಎಲ್ಲರಿಗೂ ಗೊತ್ತು. ಆದರೂ ತೆಗೆಸಿ ಅಂತಲೇ ನಾನು ಹೇಳುವುದು. ಎಷ್ಟೋ ಮನೆಗಳಲ್ಲಿ ಆಮೇಲೆ ಆಧಾರ್ ಕಾರ್ಡಿನ ಫೋಟೋವನ್ನೋ, ಮದುವೆ ಗುಂಪಿನಿಂದ ಕತ್ತರಿಸಿದ ಮಸುಕು ಮುಖವನ್ನೋ ದೊಡ್ಡದು ಮಾಡಿಸಬೇಕಾಗುತ್ತದೆ. ಸುಮ್ನೆ ಎಲ್ಲರದೂ ಒಂದೊಂದು ತೆಗೆಯಿರಿ, ಮಕ್ಕಳಿಂದ ಹಿಡಿದು. ಆಗ ಅಜ್ಜಿಗೂ ಏನೂ ಅನ್ನಿಸುವುದಿಲ್ಲ, ಸರದಿ ಬಂದಾಗ ತಾನಾಗೇ ಬಂದು ಕೂರುತ್ತಾರೆ.

ತೀರಿಕೊಂಡವರ ಫೋಟೋ ಹಿಡಿದು ಕೂರಬೇಕು ಅನ್ನುವವರು ಇದ್ದಾರೆ. ಚೆನ್ನಾಗಿಯೇ ಬರುತ್ತದೆ. ಫ್ರೇಮಿನ ಗಾಜು ತೆಗೆದು ತನ್ನಿ, ಆಗದಿದ್ದರೆ ಹಿಡಿದುಕೊಂಡಾಗ ಫ್ರೇಮಿನ ಮೇಲ್ಭಾಗವನ್ನು ತುಸು ಮುಂದಕ್ಕೆ ಬಾಗಿಸಿ. ಇಲ್ಲದಿದ್ದರೆ ಗಾಜಿನಲ್ಲಿ ಲೈಟ್ ಹೊಳೆದು ಮುಖವೇ ಕಾಣುವುದಿಲ್ಲ. ಬರಲಾಗದ ಮಗನನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸಬೇಕು ಅಂತಿದ್ದರೆ ಅದನ್ನೂ ಮೊದಲೇ ಹೇಳಿ. ಅವರಿಗೆ ಜಾಗ ಖಾಲಿ ಬಿಟ್ಟು ತೆಗೆಯಬೇಕು, ಅವರ ಫೋಟೋವನ್ನೂ ಅದೇ ಥರದ ಬೆಳಕಿನಲ್ಲಿ, ಅದೇ ಎತ್ತರದಿಂದ ತೆಗೆಸಿ ತರಿಸಬೇಕು.

ಹಂತ 6: ಬಟ್ಟೆ

ಎಲ್ಲರೂ ಒಂದೇ ಬಣ್ಣ ಹಾಕುವುದು ಬೇಡ. ಹತ್ತು ಜನ ಒಂದೇ ನೀಲಿ ಹಾಕಿದರೆ ದೇಹಗಳೆಲ್ಲ ಒಂದಕ್ಕೊಂದು ಸೇರಿ, ತಲೆಗಳು ಮಾತ್ರ ಬೇರೆ ಬೇರೆ ಕಾಣುತ್ತವೆ. ಸುಲಭದ ದಾರಿ ಇದು: ಅಜ್ಜಿಯ ಸೀರೆಯನ್ನು ಮೊದಲು ಆರಿಸಿ. ಅವರಿಗೆ ಇಷ್ಟವಾದದ್ದು, ಉಟ್ಟು ಅಭ್ಯಾಸ ಇರುವುದು. ಆ ಸೀರೆಯಲ್ಲಿ ಇರುವ ಬಣ್ಣಗಳನ್ನೂ ಅವಕ್ಕೆ ಹೊಂದುವ ಬಣ್ಣಗಳನ್ನೂ ಉಳಿದವರಿಗೆ ಹಂಚಿ. ಅಜ್ಜಿಯದು ಮಾವಿನ ಹಸಿರಿಗೆ ಮರೂನ್ ಅಂಚಿನ ಸೀರೆ ಅಂದುಕೊಳ್ಳಿ. ಒಬ್ಬ ಸೊಸೆಗೆ ಮರೂನ್, ಇನ್ನೊಬ್ಬರಿಗೆ ಸಾಸಿವೆ ಹಳದಿ, ಗಂಡಸರಿಗೆ ಕೆನೆ ಬಣ್ಣದ ಜುಬ್ಬಾ, ಮಕ್ಕಳಿಗೆ ತಿಳಿ ಹಸಿರು. ಎಲ್ಲ ಬಟ್ಟೆಯನ್ನೂ ಒಂದು ಹಾಸಿಗೆಯ ಮೇಲೆ ಹರಡಿ ಮೊಬೈಲ್‌ನಲ್ಲಿ ಫೋಟೋ ತೆಗೆದು ನೋಡಿ. ಯಾವುದು ಎದ್ದು ಹೊಡೆಯುತ್ತೋ ಅದನ್ನು ಬದಲಿಸಿ.

ಹುಷಾರಾಗಿರಬೇಕಾದ ಬಟ್ಟೆಗಳು ಕೆಲವಿವೆ. ಕಣ್ಣು ಕುಕ್ಕುವ ರೇಡಿಯಂ ಬಣ್ಣಗಳು ಗಲ್ಲದ ಕೆಳಗೆ ತಮ್ಮ ಛಾಯೆ ಚೆಲ್ಲುತ್ತವೆ, ರೇಡಿಯಂ ಹಸಿರು ಹಾಕಿದವರ ಮುಖ ಹುಷಾರಿಲ್ಲದವರ ಥರ ಕಾಣುತ್ತದೆ. ತೀರಾ ಸಣ್ಣ ಗೆರೆ, ಸಣ್ಣ ಚೌಕಳಿ ಇರುವ ಶರ್ಟುಗಳ ಮೇಲೆ ಫೋಟೋದಲ್ಲಿ ನೀರಿನ ಅಲೆಯಂಥ ಬಣ್ಣಬಣ್ಣದ ಗೆರೆಗಳು ಮೂಡುತ್ತವೆ. ಇದಕ್ಕೆ ಮೋಯ್ರೆ ಅಂತಾರೆ, ತಿದ್ದುವುದು ತಲೆನೋವು. ಇಳಕಲ್ ಸೀರೆಯಲ್ಲೂ ಸಣ್ಣ ಚೌಕಳಿಯವು ಇರುತ್ತವೆ, ಅದನ್ನೇ ಉಡಬೇಕು ಅಂದರೆ ಮುಂಚೆ ಒಂದು ಫೋಟೋ ತೆಗೆದು ಪರೀಕ್ಷಿಸಿ ಅಂತ ಹೇಳಿ. ಅಚ್ಚ ಬಿಳಿ ಪಂಚೆ–ಶಲ್ಯ ಹಾಕಿದವರು ಕಡುಗಪ್ಪು ಸೂಟಿನವರ ಪಕ್ಕ ನಿಂತರೆ ಒಂದೋ ಬಿಳಿಯ ನಿರಿಗೆ ಮಾಯವಾಗುತ್ತದೆ, ಇಲ್ಲವೇ ಕಪ್ಪೆಲ್ಲ ಮುದ್ದೆಯಾಗುತ್ತದೆ. ಭಾರಿ ಜರಿ ಸೀರೆಗೆ ನೇರ ಫ್ಲಾಶ್ ಬಿದ್ದರೆ ಜರಿ ಬೆಳ್ಳಗೆ ಹೊಡೆಯುತ್ತದೆ. ಜರಿ ಜಾಸ್ತಿ ಇದೆ ಅಂತ ಮೊದಲೇ ಹೇಳಿದರೆ ಲೈಟನ್ನು ಪಕ್ಕಕ್ಕೆ ಇಡುತ್ತಾರೆ.

ಬಟ್ಟೆ ಹಾಕಿಕೊಂಡು ಒಮ್ಮೆ ಕೂತು ನೋಡಿ. ನಿಂತಾಗ ಸರಿಯಾಗಿರುವ ಸೀರೆ ಕೂತಾಗ ಮೇಲೆ ಸರಿದು ಲಂಗ ಕಾಣುತ್ತದೆ. ಪಂಚೆ ಮಂಡಿ ಹತ್ತಿರ ತೆರೆದುಕೊಳ್ಳುತ್ತದೆ. ತೆಳು ಬಿಳಿ ಶರ್ಟಿನೊಳಗೆ ಬನಿಯನ್ ಅಂಚು ಕಾಣುತ್ತದೆ. ಶರ್ಟ್ ಜೇಬಿನ ಮೊಬೈಲ್, ಪ್ಯಾಂಟ್ ಜೇಬಿನ ಉಬ್ಬಿದ ಪರ್ಸ್, ಮಣಿಕಟ್ಟಿನ ರಬ್ಬರ್ ಬ್ಯಾಂಡ್, ಕತ್ತಿನಲ್ಲಿ ಹಿಂದುಮುಂದಾದ ತಾಳಿ, ಇವನ್ನು ನೋಡೋಕೆ ಅಂತಲೇ ಒಬ್ಬರನ್ನು ಕ್ಯಾಮೆರಾ ಪಕ್ಕ ನಿಲ್ಲಿಸಿ. ಮಕ್ಕಳಿಗೆ ಅವತ್ತೇ ಮೊದಲ ಬಾರಿ ಹೊಸ ಬಟ್ಟೆ ಹಾಕಬೇಡಿ. ಚುಚ್ಚುವ ನೆಟ್ ಫ್ರಾಕ್ ಹಾಕಿದ ಮಗು ಫೋಟೋ ಮುಗಿಯುವ ತನಕ ಕತ್ತು ಕೆರೆಯುತ್ತಲೇ ಇರುತ್ತದೆ.

ಹಂತ 7: ಕೂದಲು, ಮುಖ, ಕನ್ನಡಕ

ಗಂಡಸರ ಕಟಿಂಗ್ ಒಂದು ವಾರ ಮುಂಚೆ, ಬಣ್ಣ ಹಾಕುವುದಾದರೆ ಮೂರು–ನಾಲ್ಕು ದಿನ ಮುಂಚೆ. ಹಿಂದಿನ ದಿನ ಹಾಕಿದರೆ ಕಿವಿ ಹತ್ತಿರ ಚರ್ಮದ ಮೇಲೆ ಬಣ್ಣದ ಕಲೆ ಉಳಿದಿರುತ್ತದೆ. ಹುಬ್ಬು ತಿದ್ದಿಸುವುದು ಎರಡು ದಿನ ಮುಂಚೆ. ಹಿಂದಿನ ದಿನ ಹೊಸ ಕ್ರೀಮು, ಫೇಶಿಯಲ್ ಬೇಡ, ಮುಖ ಕೆಂಪಾದರೆ ಕಷ್ಟ. ಹೂವು ಮುಡಿಯುವವರು ಹೂವಿನ ಮಾಲೆಯ ಒಂದೆಳೆಯನ್ನು ಭುಜದ ಮುಂದಕ್ಕೆ ತಂದುಕೊಳ್ಳಿ, ಇಲ್ಲದಿದ್ದರೆ ಅಷ್ಟು ಮಲ್ಲಿಗೆಯಲ್ಲಿ ಒಂದು ಮೊಗ್ಗೂ ಫೋಟೋದಲ್ಲಿ ಕಾಣುವುದಿಲ್ಲ.

ದಿನಾ ಕನ್ನಡಕ ಹಾಕುವವರು ಹಾಕಿಕೊಂಡೇ ತೆಗೆಸಿ. ಅದಿಲ್ಲದ ಅಜ್ಜ ನಮ್ಮ ಅಜ್ಜನಂತೆ ಕಾಣುವುದಿಲ್ಲ. ಗಾಜನ್ನು ಒರೆಸಿ, ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಮೇಲೆತ್ತಿದರೆ ಹೊಳಪು ಹೋಗುತ್ತದೆ. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜು ಇದ್ದರೆ ಹೊರಗಡೆ ಕಣ್ಣೇ ಕಾಣುವುದಿಲ್ಲ. ಅವರಿಗೆ ಹಳೇ ಸಾದಾ ಕನ್ನಡಕ ತನ್ನಿ. ಹಲ್ಲಿನ ಸೆಟ್, ಕಿವಿಯ ಮೆಶಿನ್ ಮನೆಯಲ್ಲಿ ಮರೆತು ಬರಬೇಡಿ. ಮೆಶಿನ್ ಇಲ್ಲದಿದ್ದರೆ "ಇಲ್ಲಿ ನೋಡಿ ಅಜ್ಜಿ" ಅನ್ನುವುದು ಅವರಿಗೆ ಕೇಳಿಸುವುದೇ ಇಲ್ಲ.

ಹಂತ 8: ಹಿಂದಿನ ರಾತ್ರಿ ಒಂದು ಚೀಲ ಕಟ್ಟಿ

ಸೇಫ್ಟಿ ಪಿನ್, ಬಾಚಣಿಗೆ, ಟಿಶ್ಯೂ, ಬಿಂದಿ ಪ್ಯಾಕೆಟ್, ಕುಂಕುಮ, ಪುಟ್ಟ ಕನ್ನಡಿ, ಕುಡಿಯುವ ನೀರು, ಹಿರಿಯರ ಬಿಪಿ–ಶುಗರ್ ಮಾತ್ರೆ, ಮಗುವಿಗೆ ಇನ್ನೊಂದು ಜೊತೆ ಬಟ್ಟೆ, ಬಟ್ಟೆಗೆ ಅಂಟದ ತಿಂಡಿ. ಚಾಕೊಲೇಟ್ ಬೇಡ, ಬಾಯಿ ಸುತ್ತ ಅಂಟುತ್ತದೆ. ಮಂಡಕ್ಕಿ, ಸಪ್ಪೆ ಬಿಸ್ಕತ್ತು ಆಗಬಹುದು. ಶುಗರ್ ಇರುವವರು ಊಟ ತಡ ಮಾಡಿಕೊಂಡು ಬರಬಾರದು. ತಿಂದೇ ಹೊರಡಿ, ಚೀಲದಲ್ಲೂ ಏನಾದರೂ ಇರಲಿ.

ಹಂತ 9: ಫೋಟೋ ದಿನ

ಮನೆಯವರಿಗೆಲ್ಲ ನಿಜವಾದ ಸಮಯಕ್ಕಿಂತ ಅರ್ಧ ಗಂಟೆ ಮುಂಚೆಯ ಸಮಯ ಹೇಳಿ. ಹಿರಿಯರನ್ನು ಮಾತ್ರ ಎಲ್ಲರೂ ಸೇರಿದ ಮೇಲೆ ಕರೆತನ್ನಿ, ಕಾಯಿಸಬೇಡಿ. ಅವರಿಗೆ ಕೈ ಇರುವ ಗಟ್ಟಿ ಕುರ್ಚಿ ಕೊಡಿ. ಮೆತ್ತನೆ ಸೋಫಾದಲ್ಲಿ ಒಳಗೆ ಹೂತುಹೋಗುತ್ತಾರೆ. ವ್ಹೀಲ್‌ಚೇರ್‌ನಲ್ಲಿ ಇರುವವರಿದ್ದರೆ ಅವರ ಸುತ್ತ ಇನ್ನೂ ಕೆಲವರು ಕುರ್ಚಿ ಹಾಕಿಕೊಂಡು ಕೂರಲಿ, ಅವರೊಬ್ಬರೇ ತಗ್ಗಿನಲ್ಲಿ ಉಳಿಯಬಾರದು.

ನಿಲ್ಲುವಾಗ ನಾವೆಲ್ಲ ಸಂಕೋಚದಿಂದ ನಡುವೆ ಜಾಗ ಬಿಡುತ್ತೇವೆ. ಕಣ್ಣಿಗೆ ಸರಿ ಅನ್ನಿಸುವ ಆ ಜಾಗ ಫೋಟೋದಲ್ಲಿ ದೊಡ್ಡ ಬಿರುಕಾಗಿ ಕಾಣುತ್ತದೆ. ಒಬ್ಬರ ಭುಜ ಇನ್ನೊಬ್ಬರ ಭುಜದ ಹಿಂದೆ ಹೋಗುವಷ್ಟು ಹತ್ತಿರ ನಿಲ್ಲಿ. ಕೈ ಎಲ್ಲಿಡೋದು ಅಂತ ಗೊತ್ತಾಗದಿದ್ದರೆ ಮುಂದೆ ಕೂತವರ ಕುರ್ಚಿಯ ಮೇಲಿಡಿ.

ಮಕ್ಕಳಿರುವ ಫೋಟೋಗೆ ಒಂದೇ ನಿಯಮ, ಎಲ್ಲರಿಗೂ ಮನೆಯಲ್ಲೇ ಹೇಳಿ ಕರೆತನ್ನಿ: ಮಗು ಏನೇ ಮಾಡಲಿ, ದೊಡ್ಡವರು ಕ್ಯಾಮೆರಾವನ್ನೇ ನೋಡುತ್ತಿರಬೇಕು. ಮಗು ನಕ್ಕು ಕ್ಯಾಮೆರಾ ನೋಡುವ ಆ ಅರೆಗಳಿಗೆಯಲ್ಲಿ ಅಮ್ಮ ಬಗ್ಗಿ ಮಗುವಿನ ಕೂದಲು ಸರಿಮಾಡುತ್ತಿರುತ್ತಾರೆ, ಅಪ್ಪ "ಅಲ್ಲಿ ನೋಡು" ಅಂತ ಕೈ ತೋರಿಸುತ್ತಿರುತ್ತಾರೆ. ಅಂಥ ಫೋಟೋ ಕೆಲಸಕ್ಕೆ ಬರುವುದಿಲ್ಲ. ಮಗುವನ್ನು ಕರೆಯುವುದು ಒಬ್ಬರೇ ಇರಲಿ, ಅವರು ಕ್ಯಾಮೆರಾದ ಸರಿಯಾಗಿ ಹಿಂದೆ ನಿಲ್ಲಲಿ. ನಾಲ್ಕು ಕಡೆಯಿಂದ ನಾಲ್ಕು ಜನ ಗಿಲಕಿ ಆಡಿಸಿದರೆ ಮಗು ನಾಲ್ಕು ಕಡೆಯೂ ನೋಡುತ್ತದೆ, ಕ್ಯಾಮೆರಾ ಕಡೆ ಬಿಟ್ಟು. ಇದೇ ಕಾರಣಕ್ಕೆ ಆ ಹೊತ್ತಿನಲ್ಲಿ ಬೇರೆಯವರು ಮೊಬೈಲ್‌ನಲ್ಲಿ ಫೋಟೋ ತೆಗೆಯುವುದೂ ಬೇಡ.

ಅಜ್ಜ ನಗದಿದ್ದರೆ "ನಗಿ, ನಗಿ" ಅಂತ ಕಾಡಬೇಡಿ. ಅವರ ಕಾಲದಲ್ಲಿ ಫೋಟೋಗೆ ಗಂಭೀರವಾಗಿ ಕೂರುವುದೇ ಮರ್ಯಾದೆ. ಅವರು ದುಡಿದ ತೋಟದ ಬಗ್ಗೆಯೋ ಕಲಿಸಿದ ಶಾಲೆಯ ಬಗ್ಗೆಯೋ ಒಂದು ಪ್ರಶ್ನೆ ಕೇಳಿ. ಮುಖ ತಾನಾಗೇ ಅರಳುತ್ತದೆ.

ಕಣ್ಣು ಮುಚ್ಚುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಗುಂಪಿನಲ್ಲಿ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಅದಕ್ಕೇ ಕದಲದೆ ನಿಲ್ಲಿಸಿ ಒಂದರ ಹಿಂದೆ ಒಂದು ಹಲವು ತೆಗೆಯುತ್ತಾರೆ, ಬೇಕಾದರೆ ಒಂದರ ಮುಖವನ್ನು ಇನ್ನೊಂದಕ್ಕೆ ಕೂರಿಸುತ್ತಾರೆ. "ಆಯ್ತು" ಅಂತ ಫೋಟೋಗ್ರಾಫರ್ ಹೇಳುವ ತನಕ ಯಾರೂ ಜಾಗ ಬಿಟ್ಟು ಏಳಬಾರದು, ಅಷ್ಟೇ.

ಹಂತ 10: ಆರಿಸುವುದು, ತಿದ್ದಿಸುವುದು, ಪ್ರಿಂಟ್ ಹಾಕಿಸುವುದು

ಆರಿಸುವ ಕೆಲಸ ಇಬ್ಬರಿಗೆ ಮಾತ್ರ ಕೊಡಿ. ಫ್ಯಾಮಿಲಿ ಗ್ರೂಪ್‌ನಲ್ಲಿ ಎಲ್ಲ ಫೋಟೋ ಹಾಕಿ "ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ ಒಬ್ಬೊಬ್ಬರೂ ತಮ್ಮ ಮುಖ ಮಾತ್ರ ನೋಡಿಕೊಂಡು ಹೇಳುತ್ತಾರೆ. ಮೊದಲು ಹಿರಿಯರ ಮುಖ, ಆಮೇಲೆ ಮಕ್ಕಳದು, ಕೊನೆಗೆ ಉಳಿದವರದು ಅಂತ ನೋಡಿ ಆರಿಸಿ. ತಿದ್ದುವುದಕ್ಕೆ ರಿಟಚಿಂಗ್ ಅಂತಾರೆ. ಮೊಡವೆ, ಗಾಯದ ಗುರುತು ತೆಗೆಸಿ, ಸುಕ್ಕು ತೆಗೆಸಬೇಡಿ. ಮೈಬಣ್ಣ ಬೆಳ್ಳಗೆ ಮಾಡಬೇಡಿ ಅಂತಲೂ ಬಾಯಿಬಿಟ್ಟು ಹೇಳಿ. ಕೇಳದಿದ್ದರೂ ಮಾಡಿಕೊಡುವವರು ಇನ್ನೂ ಇದ್ದಾರೆ.

ಒಳ್ಳೆ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿ ಅನ್ನುವುದು ರೂಢಿಯ ಅಳತೆ, ಅದನ್ನು ಡಿಪಿಐ ಅಂತಾರೆ. ಆ ಲೆಕ್ಕದಲ್ಲಿ 12x18 ಇಂಚಿಗೆ 3600x5400 ಪಿಕ್ಸೆಲ್, ಅಂದರೆ ಫೈಲ್‌ನಲ್ಲಿ ಅಷ್ಟು ಚುಕ್ಕಿ ಬೇಕು. ಗೋಡೆಯ ಮೇಲೆ ದೂರದಿಂದ ನೋಡುವುದಕ್ಕೆ 200 ಇದ್ದರೂ ನಡೆಯುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಗಾತ್ರ ಕುಗ್ಗಿಹೋಗುತ್ತದೆ. ಅದನ್ನೇ ಪ್ರಿಂಟ್‌ಗೆ ಕೊಡಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್, ಗೂಗಲ್ ಡ್ರೈವ್ ಬಳಸಿ. ಫೈಲ್‌ಗಳು ಕೈಗೆ ಬಂದ ದಿನವೇ ಇನ್ನೆರಡು ಕಡೆ ನಕಲು ಮಾಡಿಡಿ, ಅದರಲ್ಲಿ ಒಂದು ಬೇರೆ ಊರಿನ ಮನೆಯವರ ಹತ್ತಿರ ಇರಲಿ. ಸ್ಟುಡಿಯೋದವರು ಎಷ್ಟೋ ಕಾಲ ಇಟ್ಟಿರುತ್ತಾರೆ ಅಂತ ನಂಬಿ ಕೂರಬೇಡಿ.

ಫ್ರೇಮ್ ಹಾಕಿಸುವಾಗ ಮಲೆನಾಡು, ಕರಾವಳಿಯವರು ಒಂದು ಮಾತು ನೆನಪಿಡಿ. ಗ್ಲಾಸಿ, ಅಂದರೆ ಹೊಳೆಯುವ ಪ್ರಿಂಟ್ ಗಾಜಿಗೆ ಒತ್ತಿಕೊಂಡಿದ್ದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ಮ್ಯಾಟ್, ಅಂದರೆ ಹೊಳಪಿಲ್ಲದ ಪ್ರಿಂಟ್ ಹಾಕಿಸಿ, ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು ಕೊಡಿಸಿ. ತೇವ ಹಿಡಿಯುವ ಹೊರಗೋಡೆಗೆ, ಬಿಸಿಲು ನೇರ ಬೀಳುವ ಜಾಗಕ್ಕೆ ತೂಗುಹಾಕಬೇಡಿ. ಪ್ರಿಂಟ್ ಹಿಂದೆ ಬಾಲ್‌ಪೆನ್ ಒತ್ತಿ ಬರೆದರೆ ಮುಂದಿನ ಬದಿಗೆ ಗೀರು ಏಳುತ್ತದೆ. ಎಲ್ಲರ ಹೆಸರು, ಊರು, ತಾರೀಕು ಬೇರೆ ಚೀಟಿಯಲ್ಲಿ ಬರೆದು ಫ್ರೇಮಿನ ಹಿಂದಿನ ಹಲಗೆಗೆ ಅಂಟಿಸಿ. ಎಡದಿಂದ ಬಲಕ್ಕೆ, ಮೊದಲು ಕೂತವರು, ಆಮೇಲೆ ನಿಂತವರು.